ಬಣ್ಣ ಬದಲಾಯಿಸುವ ಕೂಲೆಂಟ್: ಬಣ್ಣ ನೀರಲ್ಲಿರಬೇಕಾ, ಬೆಳಕಲ್ಲಿರಬೇಕಾ?

ಪಿಸಿಗೆ ಕಸ್ಟಮ್ ಲೂಪ್ ಹಾಕ್ತಿದ್ದೀನಿ, ನೀರಿನ ಬಣ್ಣ ಬದಲಾಗ್ತಾ ಇರಬೇಕು, ಯಾವ ಕೂಲೆಂಟ್ ತಗೊಳ್ಳಲಿ? ಈ ಪ್ರಶ್ನೆಯನ್ನು ಇತ್ತೀಚೆಗೆ ನಾಲ್ಕೈದು ಜನ ಕೇಳಿದರು. (ಕಸ್ಟಮ್ ಲೂಪ್ ಅಂದರೆ ಪಂಪ್, ಟ್ಯೂಬ್, ನೀರಿನ ಬಿಸಿ ಹೊರಬಿಡುವ ರೇಡಿಯೇಟರ್ ಎಲ್ಲ ಬಿಡಿಯಾಗಿ ತಂದು ನಾವೇ ಜೋಡಿಸುವ, ನೀರು ಸುತ್ತಿಸಿ ಪಿಸಿ ತಣ್ಣಗಿಡುವ ವ್ಯವಸ್ಥೆ. ಅದರಲ್ಲಿ ಹರಿಯುವ ದ್ರವವೇ ಕೂಲೆಂಟ್.) ಪ್ರತಿ ಸಲವೂ ನಾನು ತಿರುಗಿ ಕೇಳಿದ್ದು ಒಂದೇ: ಬಣ್ಣ ಬದಲಾಗೋದು ಅಂದರೆ ಹೇಗೆ? ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಚಿತ್ರ ಇತ್ತು.

ಮೊದಲು ಈ ಗೊಂದಲ ಬಿಡಿಸಿಬಿಡೋಣ. ಈ ಒಂದೇ ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ಸಾಮಾನು ಓಡಾಡುತ್ತಿವೆ. ಬಿಸಿಯಾದರೆ ಬಣ್ಣ ಬದಲಾಗುವ ಥರ್ಮೋಕ್ರೋಮಿಕ್ ದ್ರವ ಒಂದು. ಹರಿಯುವಾಗ ಸುಳಿ ಸುಳಿಯಾಗಿ ಮಿನುಗುವ, ಈ ಕಡೆಯಿಂದ ನೋಡಿದರೆ ಒಂದು ಛಾಯೆ ಆ ಕಡೆಯಿಂದ ನೋಡಿದರೆ ಇನ್ನೊಂದು ಛಾಯೆ ತೋರಿಸುವ ಮುತ್ತಿನ ಹೊಳಪಿನ ಕೂಲೆಂಟ್ ಇನ್ನೊಂದು. ಯುವಿ, ಅಂದರೆ ನೇರಳಾತೀತ ಬೆಳಕು ಬಿದ್ದಾಗ ಮಾತ್ರ ಬೆಳಗೋದು ಮೂರನೆಯದು. ನಾಲ್ಕನೆಯದರಲ್ಲಿ ನೀರು ಬದಲಾಗೋದೇ ಇಲ್ಲ. ಅದು ತಿಳಿಯಾಗಿರುತ್ತದೆ, ಅದಕ್ಕೆ ಬೀಳುವ ಎಲ್‌ಇಡಿ ಬಣ್ಣ ಬದಲಾಯಿಸುತ್ತದೆ.

ದಿನಾ ಕೆಲಸ ಮಾಡುವ, ಗೇಮ್ ಆಡುವ ಪಿಸಿಗೆ ನಾನು ಹೇಳೋದು ನಾಲ್ಕನೆಯದು. ಯಾಕೆ ಅಂತ ಮುಂದೆ ಹೇಳ್ತೀನಿ. ಉಳಿದ ಮೂರು ಕೆಟ್ಟವು ಅಂತಲ್ಲ, ಅವಕ್ಕೂ ಜಾಗ ಇದೆ. ಇನ್ನು ನಿಮ್ಮದು ಫ್ಯಾಕ್ಟರಿಯಲ್ಲೇ ನೀರು ತುಂಬಿ ಮುಚ್ಚಿ ಬರುವ ಎಐಒ ಕೂಲರ್ ಆಗಿದ್ದರೆ ಇದ್ಯಾವುದೂ ನಿಮಗಲ್ಲ. ಅದನ್ನು ಬಿಚ್ಚಲು ಹೋಗಬೇಡಿ.

ಶರಬತ್ತು ಮತ್ತು ಮಜ್ಜಿಗೆ

ಯಾವ ಕೂಲೆಂಟ್ ಬಾಳುತ್ತೆ, ಯಾವುದು ಕೈ ಕೊಡುತ್ತೆ ಅಂತ ತಿಳಿಯಲು ದೊಡ್ಡ ವಿಜ್ಞಾನ ಬೇಡ. ಒಂದು ಲೋಟ ನಿಂಬೆ ಶರಬತ್ತು ಸೋಸಿ ರಾತ್ರಿ ಇಡಿ. ಬೆಳಗ್ಗೆ ನೋಡಿದರೆ ಸಕ್ಕರೆ ಬೇರೆಯಾಗಿ ಕೂತಿರಲ್ಲ, ಅದು ನೀರಲ್ಲಿ ಕರಗಿಹೋಗಿದೆ. ಪಕ್ಕದಲ್ಲೇ ಒಂದು ಲೋಟ ಮಜ್ಜಿಗೆ ಇಡಿ. ಬೆಳಗ್ಗೆ ಮೇಲೆ ತಿಳಿನೀರು, ಕೆಳಗೆ ಬಿಳಿ ಗಸಿ.

ಕೂಲೆಂಟ್‌ಗಳೂ ಹಾಗೇ. ಕರಗುವ ಬಣ್ಣ ಹಾಕಿದ ಪಾರದರ್ಶಕ ದ್ರವ ಶರಬತ್ತಿನ ಜಾತಿ. ಯುವಿ ಬಣ್ಣಗಳೂ ಹೆಚ್ಚಾಗಿ ಇದೇ ಸಾಲಿಗೆ ಬರುತ್ತವೆ. ಹಾಲಿನ ಹಾಗೆ ಗಟ್ಟಿ ಬಣ್ಣದ ಪ್ಯಾಸ್ಟಲ್, ಮುತ್ತಿನ ಹೊಳಪಿನದು, ಥರ್ಮೋಕ್ರೋಮಿಕ್, ಈ ಮೂರೂ ಮಜ್ಜಿಗೆಯ ಜಾತಿ. ಅವುಗಳ ಬಣ್ಣ ನೀರಲ್ಲಿ ಕರಗಿಲ್ಲ, ಸಣ್ಣ ಕಣಗಳಾಗಿ ತೇಲುತ್ತಿದೆ. ಪಂಪ್ ಓಡುವವರೆಗೆ ಸರಿ. ಹರಿವು ನಿಧಾನವಾದ ಕಡೆ ಕಣ ಕೂರುತ್ತದೆ.

ಹರಿವು ಎಲ್ಲಿ ನಿಧಾನ ಅಂದರೆ ರೇಡಿಯೇಟರ್ ತುದಿಗಳಲ್ಲಿ, ನೀರು ತುಂಬಿಡುವ ಡಬ್ಬ ಅಂದರೆ ರಿಸರ್ವಾಯರ್ ತಳದಲ್ಲಿ. ಆಮೇಲೆ ಕಣ ಸಿಕ್ಕಿಕೊಳ್ಳುವ ಅತಿ ಮುಖ್ಯವಾದ ಜಾಗ ಪ್ರೊಸೆಸರ್ ಮೇಲೆ ಕೂರುವ ಸಿಪಿಯು ಬ್ಲಾಕ್. ಅದರೊಳಗೆ ತಾಮ್ರದ ತಟ್ಟೆಯಲ್ಲಿ ಸಾಲು ಸಾಲಾಗಿ ಫಿನ್, ಅಂದರೆ ತೆಳು ಗೋಡೆಗಳನ್ನು ಕೊರೆದಿರುತ್ತಾರೆ. ಎರಡು ಫಿನ್ ನಡುವಿನ ಸಂದು ಅರ್ಧ ಮಿಲಿಮೀಟರಿಗಿಂತ ಕಡಿಮೆ. ನೀರು ಅಲ್ಲಿ ನುಗ್ಗಿ ಹೋಗಬೇಕು. ಕಣ ಇರುವ ದ್ರವಕ್ಕೆ ಆ ಸಂದು ಜರಡಿಯ ಹಾಗೆ ಕೆಲಸ ಮಾಡುತ್ತೆ.

ಇದನ್ನು ನಾನು ಕಲಿತದ್ದು ಓದಿ ಅಲ್ಲ. ಕೆಲವು ವರ್ಷದ ಹಿಂದೆ ಬೆಳ್ಳಿ ನೀಲಿ ಮಿನುಗಿನ ಕೂಲೆಂಟ್ ಒಂದನ್ನು ಆಸೆಪಟ್ಟು ತರಿಸಿದೆ. ಮೊದಲ ವಾರ ಮನೆಗೆ ಬಂದವರೆಲ್ಲ ಪಿಸಿ ಮುಂದೆ ಕೂತು ನೋಡಿದ್ದೇ ನೋಡಿದ್ದು. ನಿಜಕ್ಕೂ ಅಷ್ಟು ಚೆಂದ ಇತ್ತು, ರಿಸರ್ವಾಯರ್ ಒಳಗೆ ಮೋಡ ತಿರುಗಿದ ಹಾಗೆ. ಐದು ತಿಂಗಳಾಗುವಷ್ಟರಲ್ಲಿ ಅದೇ ಗೇಮ್‌ಗೆ 65 ಡಿಗ್ರಿ ಆಸುಪಾಸಿನಲ್ಲಿರುತ್ತಿದ್ದ ಸಿಪಿಯು 80 ಮುಟ್ಟತೊಡಗಿತು. ಊಟದ ಟೇಬಲ್ ಮೇಲೆ ಹಳೇ ಪೇಪರ್ ಹಾಸಿ ಬ್ಲಾಕ್ ಬಿಚ್ಚಿದೆ. ಫಿನ್‌ಗಳೇ ಕಾಣಿಸಲಿಲ್ಲ. ಒದ್ದೆ ವಿಭೂತಿ ಮೆತ್ತಿದ ಹಾಗೆ ಬೂದು ಬಣ್ಣದ ಪೇಸ್ಟು, ಮೂಲೆಯಲ್ಲಿ ಬೆಳಕಿಗೆ ಹಿಡಿದರೆ ಮಿನುಗು. ಟೂತ್‌ಬ್ರಷ್ ಹಿಡಿದು ತಿಕ್ಕಿ ತೊಳೆದು ಮತ್ತೆ ಜೋಡಿಸುವಷ್ಟರಲ್ಲಿ ಒಂದು ಭಾನುವಾರ ಪೂರ್ತಿ ಹೋಯಿತು. ರೇಡಿಯೇಟರ್ ಒಳಗಿನದು ಅದಾದ ಮೇಲೂ ಎರಡು ಮೂರು ಸಲ ನೀರು ಬಿಟ್ಟಾಗ ಬರುತ್ತಲೇ ಇತ್ತು.

ಮಿನುಗುವ ಆ ಕಣ ಏನು ಅಂದರೆ ಸಾಮಾನ್ಯವಾಗಿ ಅಭ್ರಕದ ಚೂರು, ಅದರ ಮೇಲೆ ಟೈಟಾನಿಯಂ ಡೈಆಕ್ಸೈಡಿನ ತೆಳು ಪದರ. ಕಾರಿನ ಪರ್ಲ್ ಪೇಂಟಲ್ಲಿ, ಕಣ್ಣಿಗೆ ಹಚ್ಚುವ ಐಶ್ಯಾಡೋದಲ್ಲಿ ಇರೋದೂ ಇದೇ ಬಗೆಯ ಪುಡಿ. ಚಪ್ಪಟೆ ಚೂರುಗಳು ಹರಿವಿನ ದಿಕ್ಕಿಗೆ ತಿರುಗಿಕೊಳ್ಳುವುದರಿಂದ ಸುಳಿ ಕಾಣುತ್ತದೆ. ಇಂಗ್ಲೆಂಡಿನ ಮೇಹೆಮ್ಸ್ ಕಂಪನಿಯ ಅರೋರಾ, ಅಮೆರಿಕದ ಪ್ರೈಮೋಚಿಲ್‌ನ ವ್ಯೂ ಈ ಜಾತಿಯಲ್ಲಿ ಹೆಸರಾದವು. ಅರೋರಾ ಮೊದಲು ಬಂದಾಗ ಪ್ರದರ್ಶನದ ಪಿಸಿಗೆ, ಫೋಟೋ ತೆಗೆಸಲಿಕ್ಕೆ ಅಂತಲೇ ಇದ್ದದ್ದು. ಆಮೇಲೆ ಬಂದವು ಸುಧಾರಿಸಿವೆ, ಆದರೂ ಲೂಪನ್ನು ಮೊದಲೇ ಚೆನ್ನಾಗಿ ತೊಳೆದಿರಬೇಕು, ಬೇರೆ ಕೂಲೆಂಟಿನ ಒಂದು ಹನಿಯೂ ಬೆರೆಯಬಾರದು ಅನ್ನೋ ನಿಯಮ ಹಾಗೇ ಇದೆ.

ಬಿಸಿಗೆ ಬಣ್ಣ ಬದಲಾಗೋದು: ಕೇಳಲು ಚೆಂದ, ಲೆಕ್ಕ ಬೇರೆ

ಎಲ್ಲರ ಆಸೆ ಇದರ ಮೇಲೇ. ಗ್ರಾಫಿಕ್ಸ್ ಕಾರ್ಡಿಗೆ ಹೋಗುವ ಟ್ಯೂಬ್ ನೀಲಿ, ಅಲ್ಲಿಂದ ಬರುವ ಟ್ಯೂಬ್ ಕೆಂಪು, ರೇಡಿಯೇಟರ್ ದಾಟಿದ ಮೇಲೆ ಮತ್ತೆ ನೀಲಿ. ಇಂಥ ಕಲ್ಪನೆ ಇಟ್ಟುಕೊಂಡೇ ಜನ ಬರುತ್ತಾರೆ. ಇದು ಆಗುವ ಮಾತಲ್ಲ. ಲೆಕ್ಕ ಹಾಕಿ ನೋಡಿ.

ಒಂದು ಗ್ರಾಂ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 4.18 ಜೂಲ್ ಬೇಕು. ಲೂಪಿನಲ್ಲಿ ಗಂಟೆಗೆ 200 ಲೀಟರ್ ಹರಿಯುತ್ತಿದೆ ಅಂದುಕೊಳ್ಳಿ, ಅಂದರೆ ಸೆಕೆಂಡಿಗೆ ಸುಮಾರು 55 ಗ್ರಾಂ. ಸಿಪಿಯು, ಗ್ರಾಫಿಕ್ಸ್ ಕಾರ್ಡ್ ಎರಡೂ ಸೇರಿ 400 ವಾಟ್ ಬಿಸಿ ಸುರಿದರೂ ನೀರು ಒಳಗೆ ಹೋಗುವಾಗಿನದಕ್ಕೂ ಹೊರಬರುವಾಗಿನದಕ್ಕೂ ಇರುವ ವ್ಯತ್ಯಾಸ ಎರಡು ಡಿಗ್ರಿಯೂ ಇಲ್ಲ. ಬಣ್ಣ ಪೂರ್ತಿ ಬದಲಾಗಲು ಈ ಪುಡಿಗಳಿಗೆ ಅದಕ್ಕಿಂತ ಜಾಸ್ತಿ ಅಂತರ ಬೇಕು. ಅಂದರೆ ಲೂಪ್ ಪೂರ್ತಿ ಒಂದೇ ಬಣ್ಣದಲ್ಲಿರುತ್ತೆ, ಬದಲಾದರೆ ಎಲ್ಲ ಒಟ್ಟಿಗೆ ಬದಲಾಗುತ್ತೆ. ಅದೂ ಥಟ್ಟನೆ ಅಲ್ಲ. ಚಿಪ್ಪಿನ ಬಿಸಿ ಸೆಕೆಂಡಿನಲ್ಲಿ ಏರುತ್ತೆ, ನೀರಿನ ಬಿಸಿ ಒಂದು ಮಟ್ಟಕ್ಕೆ ಬಂದು ನಿಲ್ಲಲು ಹದಿನೈದಿಪ್ಪತ್ತು ನಿಮಿಷ ಬೇಕು. ಗೇಮ್ ಶುರು ಮಾಡಿದ ತಕ್ಷಣ ಬಣ್ಣ ತಿರುಗಲಿ ಅಂತ ಕಾದರೆ ಬೇಜಾರಾಗುತ್ತೆ.

ಈ ಬಣ್ಣ ಕೆಲಸ ಮಾಡುವ ರೀತಿ ಮಾತ್ರ ತುಂಬಾ ಸೊಗಸಾಗಿದೆ. ಕೆಲವೇ ಮೈಕ್ರಾನ್ ಗಾತ್ರದ ಒಂದು ಪ್ಲಾಸ್ಟಿಕ್ ಗೋಲಿ. ಅದರೊಳಗೆ ಮೂರು ವಸ್ತು: ಲ್ಯೂಕೋ ಬಣ್ಣ, ಒಂದು ಮೆದು ಆಮ್ಲ, ಮೇಣದಂಥ ಒಂದು ದ್ರಾವಕ. ತಣ್ಣಗಿರುವಾಗ ಮೇಣ ಗಟ್ಟಿ, ಆಮ್ಲ ಮತ್ತು ಬಣ್ಣ ಅಂಟಿಕೊಂಡಿರುತ್ತವೆ, ಬಣ್ಣ ಕಾಣುತ್ತೆ. ಮೇಣ ಕರಗಿದರೆ ಅವು ಬೇರೆಯಾಗುತ್ತವೆ, ಬಣ್ಣ ಮಾಯ. ಬಿಸಿ ನೀರು ಹಾಕಿದರೆ ಚಿತ್ರ ಕಾಣುವ ಮಗ್ ಇರುತ್ತಲ್ಲ, ಅದರ ಗುಟ್ಟು ಇದೇ. ಪೈಲಟ್ ಕಂಪನಿಯ ಫ್ರಿಕ್ಷನ್ ಪೆನ್ನೂ ಇದೇ, ಉಜ್ಜಿದಾಗ ಬಿಸಿಗೆ ಶಾಯಿ ಅಳಿಸುತ್ತೆ. ಅಂದರೆ ಈ ಜಾತಿ ಸಾಮಾನ್ಯವಾಗಿ ಬಣ್ಣದಿಂದ ಬಣ್ಣವಿಲ್ಲದ ಕಡೆಗೆ ಹೋಗೋದು. ನೇರಳೆಯಿಂದ ಗುಲಾಬಿಗೆ ತಿರುಗಬೇಕಾದರೆ ಮಾಯವಾಗುವ ನೀಲಿಯ ಜೊತೆ ಮಾಯವಾಗದ ಗುಲಾಬಿ ಬೆರೆಸಿರಬೇಕು.

ಈಗ ನಮ್ಮ ಊರಿನ ಮಾತಿಗೆ ಬನ್ನಿ. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಥರ್ಮೋಕ್ರೋಮಿಕ್ ಪುಡಿ 31 ಡಿಗ್ರಿಯದು. ಕೈ ಮುಟ್ಟಿದರೆ ಬದಲಾಗಲಿ ಅಂತ ಆ ಅಂಕಿ. ಚಳಿ ದೇಶದಲ್ಲಿ ಕೋಣೆ 20 ಡಿಗ್ರಿ ಇದ್ದರೆ ಪಿಸಿ ಆನ್ ಮಾಡಿದಾಗ ಒಂದು ಬಣ್ಣ, ಲೋಡ್ ಬಿದ್ದಾಗ ಇನ್ನೊಂದು, ಸರಿಹೋಗುತ್ತೆ. ಏಪ್ರಿಲ್‌ನಲ್ಲಿ ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ ಹೊರಗೆ 40 ದಾಟಿರುತ್ತೆ. ಅಲ್ಲಿ ಪಿಸಿ ಆಫ್ ಇದ್ದರೂ ನೀರು 31ಕ್ಕಿಂತ ಮೇಲೇ. ನೀವು ಕೊಂಡ ಬಣ್ಣ ಬೇಸಿಗೆ ಮುಗಿಯುವವರೆಗೆ ಕಾಣಿಸೋದೇ ಇಲ್ಲ. ಬೆಂಗಳೂರು, ಮೈಸೂರು, ಮಡಿಕೇರಿಯವರಿಗೆ ವರ್ಷದ ಒಂದಷ್ಟು ತಿಂಗಳು ಪರವಾಗಿಲ್ಲ. ಹಾಗಾಗಿ ಇದೇ ಬೇಕು ಅಂತ ಹಟ ಇದ್ದರೆ ಬಾಟಲಿ ಮೇಲೆ ಬಣ್ಣದ ಹೆಸರಿಗಿಂತ ಮುಂಚೆ ಡಿಗ್ರಿ ನೋಡಿ. ನಿಮ್ಮ ಕೋಣೆಯ ಬೇಸಿಗೆಯ ಬಿಸಿಗೆ ಐದಾರು ಡಿಗ್ರಿ ಸೇರಿಸಿ. ಅಷ್ಟರಲ್ಲಿ ಬದಲಾಗುವಂಥದ್ದು ಸಿಕ್ಕರೆ ಮಾತ್ರ ದುಡ್ಡು ಹಾಕಿ. ಸಾಮಾನ್ಯ ಲೂಪಿನಲ್ಲಿ ನೀರು ಕೋಣೆಗಿಂತ ಸುಮಾರು 10 ಡಿಗ್ರಿ ಮೇಲೆ ನಿಲ್ಲುತ್ತೆ, ಅದಕ್ಕೇ ಈ ಲೆಕ್ಕ.

ಇನ್ನೂ ಎರಡು ಮಾತು. ಈ ಗೋಲಿಗಳಿಗೆ ಬಿಸಿಲು, ಯುವಿ ಬೆಳಕು ಆಗಿಬರಲ್ಲ, ಬಣ್ಣ ಸತ್ತುಹೋಗುತ್ತೆ. ಕಿಟಕಿ ಪಕ್ಕದ ಪಿಸಿಗೆ ಬೇಡವೇ ಬೇಡ. ಹಾಗೇ ಗೋಲಿಯ ಕವಚ ಒಡೆದರೆ ಒಳಗಿನದು ನೀರಿಗೆ ಸೇರುತ್ತೆ, ಬದಲಾಗುವ ಗುಣ ಅಲ್ಲಿಗೆ ಮುಗಿಯಿತು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಪಂಪಿನ ಮೂಲಕ ಅದೇ ಗೋಲಿ ಹಗಲು ರಾತ್ರಿ ಹಾದುಹೋಗಬೇಕು ಅಂತ ನೆನಪಿಡಿ. ಸುಮ್ನೆ ನೋಡಬೇಕು ಅಂತಿದ್ದರೆ ಪುಡಿಯನ್ನು ಗಾಜಿನ ಬಾಟಲಿಯ ನೀರಿಗೆ ಹಾಕಿ ಅಲ್ಲಾಡಿಸಿ, ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಳಿಬಿಡಿ. ನಾನು ಮಾಡಿದಾಗ ಬಣ್ಣ ಗಾಜಿನ ಅಂಚಿನಿಂದ ಒಳಕ್ಕೆ ಮೆಲ್ಲಗೆ ಕರಗುತ್ತಾ ಹೋಗಿದ್ದು ನೋಡಲು ಎರಡು ಕಣ್ಣು ಸಾಲದು ಅನ್ನಿಸಿತು. ಮರುದಿನ ಬೆಳಗ್ಗೆ ಅದೇ ಬಾಟಲಿಯ ತಳದಲ್ಲಿ ಗಸಿ ಕೂತಿತ್ತು.

ಯುವಿ: ಕಡಿಮೆ ತಲೆನೋವಿನ ದಾರಿ

ಕೆಲವು ಯುವಿ ಕೂಲೆಂಟ್ ಮಾಮೂಲಿ ಬೆಳಕಲ್ಲಿ ನೀರಿನ ಹಾಗೆ ತಿಳಿಯಾಗಿರುತ್ತವೆ, ಯುವಿ ಎಲ್‌ಇಡಿ ಹಾಕಿದರೆ ನೀಲಿಯಾಗಿ ಬೆಳಗುತ್ತವೆ. ಟಾನಿಕ್ ವಾಟರ್‌ನಲ್ಲಿರುವ ಕ್ವಿನೈನ್ ಯುವಿ ಬೆಳಕಲ್ಲಿ ನೀಲಿ ಹೊಳೆಯುತ್ತಲ್ಲ, ಹಾಗೇ. ಹಸಿರಿನವು ಹಗಲಲ್ಲೂ ಗಿಣಿ ಹಸಿರಾಗಿ ಕಾಣುತ್ತವೆ. ಒಂದು ಸ್ವಿಚ್ಚಿಗೆ ಎರಡು ನೋಟ, ಫಿನ್ ಮುಚ್ಚುವ ಭಯ ಕಡಿಮೆ. 395ರಿಂದ 405 ನ್ಯಾನೋಮೀಟರಿನ ಯುವಿ ಎಲ್‌ಇಡಿ ಪಟ್ಟಿ ಸಾಕು. ಆದರೆ ಇದೂ ಕಾಲಕ್ರಮೇಣ ಮಾಸುತ್ತೆ. ಯುವಿ ಪಟ್ಟಿಯನ್ನು ಇಪ್ಪತ್ನಾಲ್ಕು ಗಂಟೆ ಉರಿಸಿದರೆ ಇನ್ನೂ ಬೇಗ. ಬೇಕಾದಾಗ ಹಾಕಿ, ಉಳಿದಾಗ ಆರಿಸಿ. ಪಾರದರ್ಶಕ ಮೆದು ಪಿವಿಸಿ ಟ್ಯೂಬ್ ಇದ್ದರೆ ಕೆಂಪು, ನೇರಳೆ ಕಡೆ ಹೋಗಬೇಡಿ, ಟ್ಯೂಬಿಗೇ ಬಣ್ಣ ಹಿಡಿದುಬಿಡುತ್ತೆ.

ತಿಳಿ ನೀರು, ಬದಲಾಗುವ ಬೆಳಕು

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಬ್ಬರು ಅಂಗಡಿಯವರು ಕೂಲೆಂಟ್ ಕೇಳಿದವರಿಗೆಲ್ಲ ಮೊದಲು ಒಂದು ಪ್ರಶ್ನೆ ಹಾಕ್ತಾರೆ: "ಸಾರ್, ಶೋಕೇಸಿಗೆ ಇಡೋದಾ, ದಿನಾ ಓಡ್ಸೋದಾ?" ದಿನಾ ಓಡ್ಸೋದು ಅಂದರೆ ಕ್ಲಿಯರ್ ಬಾಟಲಿ ಕೈಗೆ ಕೊಡ್ತಾರೆ. ಅವರ ಆ ಪ್ರಶ್ನೆಯನ್ನೇ ನಾನೂ ಈಗ ಎಲ್ಲರಿಗೂ ಕೇಳ್ತೀನಿ.

ತಿಳಿ ಕೂಲೆಂಟ್ ಅಂದರೆ ಡಿಸ್ಟಿಲ್ಡ್ ನೀರು, ಅದಕ್ಕೆ ತುಕ್ಕು ತಡೆಯುವ, ಪಾಚಿ ತಡೆಯುವ ಔಷಧ, ಎಷ್ಟೋ ಸಲ ಸ್ವಲ್ಪ ಗ್ಲೈಕಾಲ್. ಇಕೆ ಕ್ರಯೋಫ್ಯುಯಲ್, ಕೋರ್ಸೇರ್ ಎಕ್ಸ್‌ಎಲ್5, ಅಕ್ವಾ ಕಂಪ್ಯೂಟರ್‌ನ ಡಬಲ್ ಪ್ರೊಟೆಕ್ಟ್ ಅಲ್ಟ್ರಾ, ಮೇಹೆಮ್ಸ್ ಎಕ್ಸ್1, ಥರ್ಮಲ್‌ಟೇಕ್ ಟಿ1000, ಇವೆಲ್ಲ ಈ ಸಾಲಿನವು. ಇವುಗಳ ನಡುವೆ ತಣ್ಣಗಾಗಿಸುವುದರಲ್ಲಿ ಇರುವ ವ್ಯತ್ಯಾಸ ಒಂದೆರಡು ಡಿಗ್ರಿ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಯಾವುದು ನಿಮ್ಮ ಊರಲ್ಲಿ ಸುಲಭವಾಗಿ, ಎರಡನೇ ಸಲವೂ ಸಿಗುತ್ತೋ ಅದನ್ನು ತಗೊಳ್ಳಿ.

ಬಣ್ಣ ಬದಲಾಯಿಸುವ ಕೆಲಸ ಬ್ಲಾಕ್, ರಿಸರ್ವಾಯರ್‌ಗಳಲ್ಲಿರುವ ಎ-ಆರ್‌ಜಿಬಿ ಎಲ್‌ಇಡಿಗೆ ಬಿಡಿ. ಅದು ದೀಪ ದೀಪಕ್ಕೂ ಬೇರೆ ಬಣ್ಣ ಕೊಡಬಲ್ಲ ಎಲ್‌ಇಡಿ. ಬಿಸಿಗೆ ತಕ್ಕ ಬಣ್ಣ ಬೇಕು ಅನ್ನೋರಿಗೂ ಇಲ್ಲೇ ಉತ್ತರ ಇದೆ. ಲೂಪಿನ ಖಾಲಿ ಪೋರ್ಟಿಗೆ ಕೂರುವ ನೀರಿನ ಸೆನ್ಸರ್ ಸಿಗುತ್ತೆ, ಒಳಗೆ ಬಿಸಿ ಅಳೆಯುವ 10 ಕಿಲೋ ಓಮ್ ಥರ್ಮಿಸ್ಟರ್, ಎರಡು ತಂತಿ. ಅಕ್ವಾ ಕಂಪ್ಯೂಟರ್‌ನ ಕ್ವಾಡ್ರೊ, ಆಕ್ಟೊ ಅಥವಾ ಕೋರ್ಸೇರ್ ಕಮಾಂಡರ್‌ನಂಥ ಕಂಟ್ರೋಲರಿಗೆ ಅದನ್ನು ಚುಚ್ಚಿ, ನೀರು ಇಷ್ಟು ಡಿಗ್ರಿ ಇದ್ದರೆ ನೀಲಿ, ಇಷ್ಟಾದರೆ ಕೆಂಪು ಅಂತ ಸಾಫ್ಟ್‌ವೇರಲ್ಲಿ ಹೇಳಿದರೆ ಮುಗಿಯಿತು. ಬಾಟಲಿಯಲ್ಲಿ 31 ಅಂತ ಬರೆದಿದ್ದರೆ ಅದು 31ಕ್ಕೇ ಕಟ್ಟುಬಿದ್ದಿರುತ್ತೆ, ಇಲ್ಲಿ ಡಿಸೆಂಬರಿಗೆ ಒಂದು ಅಂಕಿ, ಏಪ್ರಿಲ್‌ಗೆ ಇನ್ನೊಂದು ಅಂಕಿ ನೀವೇ ಇಟ್ಟುಕೊಳ್ಳಬಹುದು. ಬರೀ ಚೆಂದಕ್ಕಲ್ಲ, ಇದು ಉಪಯೋಗಕ್ಕೂ ಬರುತ್ತೆ. ಒಂದು ದಿನ ಫ್ಯಾನ್ ನಿಂತರೆ ಬಣ್ಣ ನೋಡಿಯೇ ಗೊತ್ತಾಗುತ್ತೆ.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಎ-ಆರ್‌ಜಿಬಿ 5 ವೋಲ್ಟಿನದು, ಮೂರು ಪಿನ್. ಹಳೇ ಆರ್‌ಜಿಬಿ 12 ವೋಲ್ಟಿನದು, ನಾಲ್ಕು ಪಿನ್. 5 ವೋಲ್ಟಿನ ಪಟ್ಟಿಯನ್ನು 12ಕ್ಕೆ ಚುಚ್ಚಿದರೆ ಸುಟ್ಟುಹೋಗುತ್ತೆ.

ತಿಳಿ ನೀರಿಗೆ ಬೆಳಕು ಹಾಕಿದರೆ ಟ್ಯೂಬು ಮಂಕಾಗಿ ಕಾಣುತ್ತೆ ಅನ್ನೋ ದೂರು ನಿಜ. ಬೆಳಕು ತಿಳಿ ನೀರಲ್ಲಿ ನಿಲ್ಲಲ್ಲ, ದಾಟಿ ಹೋಗುತ್ತೆ. ಇದಕ್ಕೆ ಕೆಲವರು ಬಿಳಿ ಪ್ಯಾಸ್ಟಲ್ ಹಾಕ್ತಾರೆ. ಬಿಳಿ ನೀರು ಯಾವ ಬಣ್ಣ ಹಾಕಿದರೂ ಅದನ್ನೇ ಹೊದ್ದುಕೊಳ್ಳುತ್ತೆ, ನೋಡಲು ಅದ್ಭುತ. ಮಿನುಗಿನದಕ್ಕಿಂತ ಇದರ ಕಣ ತುಂಬಾ ಸಣ್ಣ, ಜಾಸ್ತಿ ದಿನ ಬಾಳುತ್ತೆ. ಆದರೂ ಮಜ್ಜಿಗೆಯ ಜಾತಿಯೇ. ನನಗೆ ಹಿಡಿಸಿದ ದಾರಿ ಬೇರೆ: ನೀರು ತಿಳಿಯಾಗಿಯೇ ಇರಲಿ, ಟ್ಯೂಬ್ ಮಂಜುಗಾಜಿನಂಥದ್ದು ಹಾಕಿ. ಸ್ಯಾಟಿನ್ ಅಂತ ಕೇಳಿದರೆ ಸಿಗುತ್ತೆ. ಬೆಳಕು ಟ್ಯೂಬಿನ ಗೋಡೆಯಲ್ಲೇ ಹರಡಿಕೊಳ್ಳುತ್ತೆ. ಗಸಿಯ ಚಿಂತೆ ಇಲ್ಲದೆ ಬಿಳಿ ಕೂಲೆಂಟಿನ ಮುಕ್ಕಾಲು ಪಾಲು ಚೆಂದ ಬಂತು.

ಕೇಳದೆ ಬದಲಾಗುವ ಬಣ್ಣ

ಆರತಿ ತಟ್ಟೆಗೆ ಅರಿಶಿನದ ನೀರು ಮಾಡಿ ಸುಣ್ಣ ಹಾಕಿದರೆ ಥಟ್ಟನೆ ಕೆಂಪಾಗುತ್ತಲ್ವಾ, ಅದು ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಮಟ್ಟ ಬದಲಾದದ್ದಕ್ಕೆ. ಕೂಲೆಂಟಿನ ಕೆಲವು ಬಣ್ಣಗಳಿಗೂ ಈ ಗುಣ ಒಂದಿಷ್ಟು ಇರುತ್ತೆ. ನೀವು ಹಾಕಿದ ನೀಲಿ ತಾನಾಗಿ ಹಸಿರಿಗೆ ತಿರುಗಿದರೆ, ತಿಳಿ ನೀರಿಗೆ ತೆಳು ಹಸಿರು ಬಂದರೆ, ಅದನ್ನು ಚೆಂದ ಅಂತ ಬಿಡಬೇಡಿ. ತಾಮ್ರ ಸವೆಯುತ್ತಿರಬಹುದು, ಪಾಚಿ ಇರಬಹುದು, ಅಥವಾ ತಾಮ್ರದ ಬ್ಲಾಕಿನ ಜೊತೆ ಅಲ್ಯೂಮಿನಿಯಂ ರೇಡಿಯೇಟರ್ ಸೇರಿಕೊಂಡಿರಬಹುದು. ಆ ಎರಡು ಲೋಹ ಒಂದೇ ಲೂಪಿನಲ್ಲಿ ಇರಲೇಬಾರದು. ತಿಳಿ ಕೂಲೆಂಟಿನ ದೊಡ್ಡ ಲಾಭ ಇದೇ ಅಂತ ನನಗನ್ನಿಸೋದು: ಸಮಸ್ಯೆ ಬಂದರೆ ಮೊದಲ ವಾರದಲ್ಲೇ ಕಣ್ಣಿಗೆ ಬೀಳುತ್ತೆ. ಪ್ಯಾಸ್ಟಲ್, ಮಿನುಗು ಅದನ್ನು ಮುಚ್ಚಿಡುತ್ತವೆ.

ಕಾನ್ಸಂಟ್ರೇಟ್ ತಂದು ಬೆರೆಸೋದಾದರೆ ಡಿಸ್ಟಿಲ್ಡ್ ನೀರೇ ಬೇಕು. ಅಡುಗೆಮನೆಯ ಆರ್‌ಒ ನೀರು ಆಗಲ್ಲ, ಅದರಲ್ಲೂ ಲವಣ ಉಳಿದಿರುತ್ತೆ. ಅಕ್ರಿಲಿಕ್ ಟ್ಯೂಬ್, ಅಕ್ರಿಲಿಕ್ ಬ್ಲಾಕನ್ನು ಸ್ಪಿರಿಟ್ ಹಾಕಿ ಒರೆಸಬೇಡಿ, ಕೂದಲೆಳೆಯ ಬಿರುಕು ಬಿಡುತ್ತೆ. ಕಾರಿನ ಕೂಲೆಂಟ್ ಸುರಿಯುವ ಯೋಚನೆ ಇದ್ದರೆ ಅದನ್ನೂ ಬಿಡಿ. ಸಾಮಾನ್ಯವಾಗಿ ಅದರಲ್ಲಿರುವುದು ಎಥಿಲೀನ್ ಗ್ಲೈಕಾಲ್, ವಿಷ, ಮೇಲಾಗಿ ರುಚಿ ಸಿಹಿ. ಮನೆಯಲ್ಲಿ ಮಗು, ನಾಯಿ, ಬೆಕ್ಕು ಇದ್ದರೆ ನೆಲಕ್ಕೆ ಬಿದ್ದ ಒಂದು ಹನಿಯನ್ನೂ ಬಿಡದೆ ಒರೆಸಬೇಕಾಗುತ್ತೆ.

ಹಾಗಾದರೆ ಯಾರಿಗೆ ಯಾವುದು?

ಕಾಲೇಜಿನ ಫೆಸ್ಟಿಗೆ, ಪಿಸಿ ಸಿಂಗರಿಸುವ ಮಾಡ್ಡಿಂಗ್ ಸ್ಪರ್ಧೆಗೆ, ಫೋಟೋ ತೆಗೆಯಲು ಎರಡು ಮೂರು ವಾರ ಪಿಸಿ ಇಡುತ್ತೀರಿ ಅಂದರೆ ಕಣ್ಮುಚ್ಚಿ ಮಿನುಗಿನದು ಹಾಕಿ. ಅಷ್ಟು ಜನರನ್ನು ನಿಲ್ಲಿಸುವ ಶಕ್ತಿ ಬೇರೆ ಯಾವುದಕ್ಕೂ ಇಲ್ಲ. ಕೆಲಸ ಮುಗಿದ ದಿನವೇ ಬಸಿದು ತೊಳೆಯಿರಿ, ಪಂಪ್ ನಿಲ್ಲಿಸಿ ಹಾಗೇ ವಾರಗಟ್ಟಲೆ ಬಿಡಬೇಡಿ. ಥರ್ಮೋಕ್ರೋಮಿಕ್ ಪ್ರಯೋಗಕ್ಕೆ, ಮಕ್ಕಳಿಗೆ ತೋರಿಸಲಿಕ್ಕೆ. ಬಿಚ್ಚಲು ಸುಲಭವಾದ ಹಳೇ ಬ್ಲಾಕ್, ಹಳೇ ಪಂಪ್ ಇದ್ದರೆ ಅದರಲ್ಲಿ ಮಾಡಿ. ರಾತ್ರಿ ಹೊತ್ತು ಲೈಟ್ ಆರಿಸಿ ಗೇಮ್ ಆಡುವವರಿಗೆ ಯುವಿ ಸಾಕು. ರೆಂಡರ್ ಹಾಕಿ ಮಲಗುವವರು, ಪಿಸಿಯಲ್ಲೇ ಹೊಟ್ಟೆಪಾಡು ಇರುವವರು ತಿಳಿ ಕೂಲೆಂಟ್ ಬಿಟ್ಟು ಬೇರೆ ಕಡೆ ನೋಡಬೇಡಿ. ವರ್ಷಕ್ಕೊಮ್ಮೆ ಬದಲಾಯಿಸಿ.

ನನ್ನ ಪಿಸಿಯಲ್ಲಿ ಈಗ ಇರೋದು ತಿಳಿ ಕೂಲೆಂಟ್, ಸ್ಯಾಟಿನ್ ಟ್ಯೂಬ್, ಒಂದು ಸೆನ್ಸರ್. ಬೆಂಗಳೂರಿನ ಕೋಣೆಗೆ 32 ಡಿಗ್ರಿವರೆಗೆ ನೀಲಿ, 40ಕ್ಕೆ ಪೂರ್ತಿ ಕೆಂಪು ಅಂತ ಇಟ್ಟಿದ್ದೀನಿ. ಬಳ್ಳಾರಿಯಲ್ಲಿರುವ ನಮ್ಮ ಭಾವನ ಪಿಸಿಗೂ ಇದನ್ನೇ ಹಾಕಿಕೊಟ್ಟೆ, ಅಲ್ಲಿ ಅಂಕಿ ಬದಲಾಯಿಸಿದೆವು: ಬೇಸಿಗೆಗೆ 40ರವರೆಗೆ ನೀಲಿ, 48ಕ್ಕೆ ಕೆಂಪು. 50 ಮುಟ್ಟಿದರೆ ಎಲ್‌ಇಡಿ ಮಿಟುಕಿಸುತ್ತೆ, ಆಗ ಗೇಮ್ ನಿಲ್ಲಿಸಬೇಕು ಅಂತ ಅಕ್ಕನ ಮಗನಿಗೆ ಹೇಳಿಕೊಟ್ಟಿದ್ದೀನಿ. ಆ ಪಂಪಿನ ಡಬ್ಬದ ಮೇಲೆ ಬರೆದಿರುವ ಮಿತಿ 60.